ಐದಾದ ಮೇಲಿನ ಆರು

ಆ ಚೀನೀ ಹೋಟೆಲಿನಲ್ಲಿ ಅವಳದು ಅಂತ ಒಂದು ಕುರ್ಚಿ ಇತ್ತು. ಮೂಲೆಯಲ್ಲಿ, ಎಡಗಡೆಗೆ ಗೋಡೆ ಬರುವಂತೆ ಇದ್ದ ಕುರ್ಚಿ. ಒಂದೂವರೆ ವರ್ಷದಿಂದ ಅದಕ್ಕೋಸ್ಕರವೇ ಅವಳು ಪಾಳಿ ಮುಗಿದ ಕೂಡಲೇ ಗೆಳೆಯರಿಬ್ಬರಿಗಿಂತ ಮೊದಲು ರಸ್ತೆ ದಾಟುತ್ತಿದ್ದಳು. ಕೆಲಸಕ್ಕೆ ಬಾರದ ಎಡಗಿವಿಯನ್ನು ಗೋಡೆಗೆ ಒಪ್ಪಿಸಿಬಿಟ್ಟರೆ ಮಾತೆಲ್ಲ ಬಲಗಡೆಯಿಂದಲೇ ಬರಬೇಕು. ಬಲಗಿವಿಯಲ್ಲಿ ಇನ್ನೂ ಅಷ್ಟಿಷ್ಟು ಜೀವ ಉಳಿದಿತ್ತು. ಈ ಉಪಾಯ ಅವಳನ್ನು ಬಿಟ್ಟರೆ ಹದಿನಾಲ್ಕು ವರ್ಷದ ಮಗಳೊಬ್ಬಳಿಗೇ ಗೊತ್ತು.

ಇವತ್ತು ಆ ಮೂಲೆಯಲ್ಲಿ ಯಾರೋ ಗಂಡ ಹೆಂಡತಿ ಮಗುವಿನ ಜೊತೆ ಕೂತಿದ್ದರು. ಮಗು ಚಮಚದಿಂದ ತಟ್ಟೆ ಬಾರಿಸುತ್ತಿತ್ತು. ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ತಡ ಮಾಡಿದವಳು ಅವಳೇ. ಪಾಳಿ ಮುಗಿದ ಮೇಲೆ ಕಾಲು ಗಂಟೆ, ಕಚೇರಿಯ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟುಕೊಂಡು, ಕನ್ನಡಿಯ ಮುಂದೆ ಒಂದು ವಾಕ್ಯವನ್ನು ಅಭ್ಯಾಸ ಮಾಡಿದ್ದಳು. ಉದ್ದದ್ದೇನಲ್ಲ. ತಪ್ಪು ನಿನ್ನದಲ್ಲ, ನನ್ನದು. ಅಷ್ಟೇ. ಮೂರು ವಾರದಿಂದ ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು, ಒಳಗೂ ಹೋಗದೆ ಹೊರಗೂ ಬಾರದೆ.

ನಡುವಿನ ಮೇಜಿನಿಂದ ಒಂದು ಕೈ ಎದ್ದಿತು. ಆ ಕೈಯ ಕೆಳಗಿನ ಬಾಯಿ 'ಹಲೋ, ಇಲ್ಲಿ' ಅಂದಂತೆ ಕಂಡಿತು.

ಮೂವರೂ ಒಂದೇ ಆಂಬುಲೆನ್ಸ್ ಸೇವೆಯವರು. ಅವಳು ಕಂಟ್ರೋಲ್ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಫೋನ್ ಎತ್ತುವವಳು. ದಿನವಿಡೀ ಹಲೋ ಅಂದು ಅಂದು ಅದೇ ಹೆಸರಾಗಿತ್ತು. ಈಗ ಕೈ ಬೀಸಿದವರು ಅವಳ ಪಕ್ಕದ ಮೇಜಿನಲ್ಲಿ ಕೂತು ಗಾಡಿ ಕಳಿಸುವ ಹಿರಿಯರು. ಊರಿನ ಒಂದೊಂದು ಸಂದಿಯೂ ಅಂಗೈ ಮೇಲೆ ಇದ್ದುದರಿಂದ ಅವರು ಮ್ಯಾಪಣ್ಣ. ಮೂರನೆಯವನು ಗಾಡಿ ಓಡಿಸುವವನು. ಮೂವತ್ತೆರಡರ ಪ್ರಾಯ, ಹುಟ್ಟಾ ದೊಡ್ಡ ಗಂಟಲು. ಅವನು ಪಿಸುಗುಟ್ಟಿದರೆ ಪಕ್ಕದ ಬೀದಿಯವರು ತಿರುಗಿ ನೋಡುತ್ತಿದ್ದರು. ಹಾಗಾಗಿ ಸೈರನ್. ಅವಳಿಗೆ ಯಾವ ಕಷ್ಟವೂ ಇಲ್ಲದೆ, ತುಟಿ ನೋಡದೆ, ಊಹೆ ಮಾಡದೆ ಕೇಳಿಸುತ್ತಿದ್ದ ಕೊನೆಯ ಗಂಟಲು ಅವನದು. ಮೂರು ವಾರದಿಂದ ಅದೂ ಕುಸಿದುಹೋಗಿತ್ತು.

ಅವಳು ಹೋಗಿ ಕೂತ ಕುರ್ಚಿಯ ಎಡಗಡೆಗೆ ಅವನಿದ್ದ. ಬೆನ್ನ ಹಿಂದೆ ಅಡುಗೆಮನೆಯ ಬಾಗಿಲು. ಒಳಗೆ ದೊಡ್ಡ ಬಾಣಲೆ ಒಲೆಯ ಮೇಲೆ ಕುಣಿಯುತ್ತಿತ್ತು. ಬೆಂಕಿ ಭರ್ ಅನ್ನುವ ಸದ್ದು, ಸಟ್ಟುಗ ಕಬ್ಬಿಣಕ್ಕೆ ಬಡಿಯುವ ಸದ್ದು, ಎಲ್ಲವೂ ಒಂದೇ ಮುದ್ದೆಯಾಗಿ ಅವಳ ತಲೆಯೊಳಗೆ ಉರುಳುತ್ತಿತ್ತು. ಬಣ್ಣ ಹಾರಿದ ಕಾಗದದ ಲಾಂದ್ರಗಳು, ಗಲ್ಲಾದ ಮೇಲೆ ಕೈ ಆಡಿಸುವ ಬೊಂಬೆ ಬೆಕ್ಕು, ವಿನೆಗರ್‌ನಲ್ಲಿ ತೇಲುವ ಹಸಿಮೆಣಸಿನ ಚೂರುಗಳ ಸೀಸೆ, ಎಲ್ಲ ಎಂದಿನಂತೆಯೇ ಇದ್ದವು. ಎಂಟು ವರ್ಷದಿಂದ ವಾರಕ್ಕೊಂದು ದಿನ ಇಲ್ಲೇ ಊಟ. ಅಗ್ಗ, ಬಿಸಿ, ತಟ್ಟೆ ತುಂಬ. ಒಂದು ದೊಡ್ಡ ನೂಡಲ್ಸ್, ಒಂದು ಫ್ರೈಡ್ ರೈಸ್ ತರಿಸಿ ಮೂವರೂ ಹಂಚಿಕೊಳ್ಳುತ್ತಿದ್ದರು. ಸೂಪು ಮಾತ್ರ ತಲೆಗೊಂದು.

"ಯಾಕಮ್ಮ, ಬಚ್ಚಲಲ್ಲಿ ಬಾವಿ ತೋಡ್ತಿದ್ಯಾ?" ಅಂದರು ಮ್ಯಾಪಣ್ಣ. ಅವರ ಮುಖ ಎದುರಿಗೇ ಇತ್ತು, ತುಟಿ ಸ್ಪಷ್ಟ. ಅವಳು ನಕ್ಕಳು.

ಎಡಗಡೆಯಿಂದ ಒಂದು ಕಾಗದ ಜಾರಿ ಅವಳ ಮುಂದೆ ಬಂತು. ಸೈರನ್ ಏನೋ ಹೇಳುತ್ತಿದ್ದ. ಅವಳು ಪೂರಾ ಮೈ ತಿರುಗಿಸಿದಳು.

"...ಒಂದು ಸಹಿ ಹಾಕಿಬಿಡು ಅಕ್ಕ. ಸಾಕ್ಷಿ ಇಬ್ಬರು ಬೇಕಂತೆ. ಅಣ್ಣ ಹಾಕಾಯ್ತು."

"ಏನಿದು?" ಅಂದಳು, ಏನೆಂದು ಗೊತ್ತಿದ್ದರೂ.

"ತಪ್ಪೊಪ್ಪಿಗೆ. ನಾಲ್ಕು ಗಂಟೆಗೆ ಕೊಡಬೇಕು. ಕೊಟ್ಟರೆ ಫೈಲು ಮುಚ್ತಾರೆ."

ಟೈಪು ಮಾಡಿದ ಐದಾರು ಸಾಲು. 'ವಿಳಾಸವನ್ನು ಸರಿಯಾಗಿ ಓದಿಕೊಳ್ಳದೆ ಆರನೇ ಅಡ್ಡರಸ್ತೆಯ ಬದಲು ಮೂರನೇ ಅಡ್ಡರಸ್ತೆಗೆ ಹೋಗಿ ಹನ್ನೊಂದು ನಿಮಿಷ ವಿಳಂಬ ಮಾಡಿದ್ದು ನನ್ನ ಅಜಾಗರೂಕತೆ.' ಕೆಳಗೆ ಮ್ಯಾಪಣ್ಣನ ದುಂಡು ಸಹಿ. ಅದರ ಕೆಳಗೆ ಚುಕ್ಕಿ ಚುಕ್ಕಿ ಗೆರೆ, ಅವಳಿಗಾಗಿ.

"ಊಟ ಆಗ್ಲಿ," ಅಂದಳು. ಕಾಗದವನ್ನು ಸೋಯಾ ಸಾಸಿನ ಸೀಸೆಯ ಕೆಳಗೆ ಇಟ್ಟಳು. ಗೋಡೆ ಗಡಿಯಾರದಲ್ಲಿ ಎರಡೂವರೆ ಆಗಿತ್ತು.

ಆವತ್ತು ನಡೆದದ್ದು ಇಷ್ಟು. ಬೆಳಿಗ್ಗೆ ಹತ್ತು ನಲವತ್ತಕ್ಕೆ ಒಬ್ಬ ಹೆಂಗಸು ಫೋನ್ ಮಾಡಿದಳು. ಗಂಡ ಬಚ್ಚಲಲ್ಲಿ ಬಿದ್ದಿದ್ದಾರೆ, ಮಾತಾಡ್ತಿಲ್ಲ. ವಿಳಾಸ ಹೇಳುವಾಗ ಅವಳ ಉಸಿರೇ ಮಾತಿಗಿಂತ ಜೋರಾಗಿತ್ತು. ಎಷ್ಟನೇ ಅಡ್ಡರಸ್ತೆ ಅಂದರೆ '...ರನೇ' ಅಂದಳು. ಹಾಗಂತ ಇವಳಿಗೆ ಕೇಳಿಸಿತು. ಈಗೀಗ ಇವಳಿಗೆ ಮಾತಿನ ಬಾಲ ಮಾತ್ರ ಕೇಳಿಸುತ್ತಿತ್ತು. ತಲೆಯನ್ನು ಇವಳೇ ಜೋಡಿಸಬೇಕಿತ್ತು. ಇವಳು ಮೂರು ಅಂತ ಜೋಡಿಸಿದಳು.

ಕಂಟ್ರೋಲ್ ರೂಮಿನಲ್ಲಿ ಇದಕ್ಕೊಂದು ಪದ್ಧತಿ ಇದೆ. ಎದುರು ಹೇಳುವುದು ಅಂತ ಅದರ ಹೆಸರು. ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕು, ಆ ಕಡೆಯವರು ಸರಿ ಅನ್ನಬೇಕು. ಅದರಲ್ಲೂ ಆರು, ಮೂರು, ನೂರು ಬಂದರೆ ಬರೀ ಹೇಳಿದರೆ ಸಾಲದು. ಐದಾದ ಮೇಲಿನ ಆರಾ, ಎರಡಾದ ಮೇಲಿನ ಮೂರಾ ಅಂತ ಬಿಡಿಸಿ ಕೇಳಬೇಕು. ಹೊಸಬರಿಗೆಲ್ಲ ಇದನ್ನು ಕಲಿಸಿದವಳೇ ಅವಳು. 'ಐದಾದ ಮೇಲಿನ' ಅಂತ ಅವಳು ರಾಗ ಎಳೆಯುವುದನ್ನು ಹುಡುಗಿಯರು ಅಣಕಿಸುತ್ತಿದ್ದರು. ಆದರೆ ಹೋದ ತಿಂಗಳು ಮೇಲ್ವಿಚಾರಕಿ ಅವಳನ್ನು ಕರೆದು, ನೀವು ಮಾತುಮಾತಿಗೆ ಏನಂದ್ರಿ ಏನಂದ್ರಿ ಅಂತೀರಂತೆ, ಏನಾದ್ರೂ ತೊಂದರೆ ಇದೆಯಾ ಅಂತ ಕೇಳಿದ್ದರು. ಇಲ್ಲ ಅಂದಿದ್ದಳು. ಅವತ್ತಿನಿಂದ ಆ ಪದವನ್ನೇ ಬಾಯಿಂದ ತೆಗೆದುಹಾಕಿದ್ದಳು. ಆ ಹೆಂಗಸಿಗೆ 'ಮೂರನೇ ಅಡ್ಡರಸ್ತೆ, ಸರೀನಾ' ಅಂತ ಒಂದೇ ಉಸಿರಿಗೆ ಹೇಳಿದಳು. ಆ ಹೆಂಗಸು ಗಂಡನ ಹೆಸರು ಕೂಗುತ್ತ ಹೂಂ ಹೂಂ ಅಂದಳು.

ಹನ್ನೊಂದು ನಿಮಿಷ ಆದ ಮೇಲೆ ಮತ್ತೆ ಅದೇ ಫೋನು. ಆರನೇ ಅಡ್ಡರಸ್ತೆ ಅಂದ್ನಲ್ಲಮ್ಮಾ, ಆರು, ಆರು! ಈ ಸಲ ಕಿರುಚಿದ್ದರಿಂದ ಕೇಳಿಸಿತು. ಅವಳ ಕೈ ತನ್ನಷ್ಟಕ್ಕೆ ತಾನೇ ಹೋಗಿ ಪರದೆಯ ಮೇಲೆ ಮೂರನ್ನು ಅಳಿಸಿ ಆರು ಮಾಡಿತು. ಹಾಗೆ ಮಾಡಬಾರದು. ಹಳೆಯದನ್ನು ಹಾಗೇ ಬಿಟ್ಟು ಹೊಸದಾಗಿ ಬರೆಯಬೇಕು. ಕೈಗೆ ಅದು ನೆನಪಾಗಲಿಲ್ಲ, ಅಥವಾ ಕೈ ಅವಳಿಗಿಂತ ಬುದ್ಧಿವಂತವಾಗಿತ್ತು; ಇವತ್ತಿಗೂ ಅವಳಿಗೆ ಯಾವುದೆಂದು ಗೊತ್ತಿಲ್ಲ. ಗಾಡಿ ಕಳಿಸುವಾಗ ಬಡಾವಣೆಯ ಹೆಸರಷ್ಟೇ ನೋಡಿದ್ದ ಮ್ಯಾಪಣ್ಣ ಈಗ ಪರದೆ ನೋಡಿ ವೈರ್‌ಲೆಸ್‌ನಲ್ಲಿ, 'ಆರನೇ ಅಡ್ಡರಸ್ತೆ ಕಣೋ, ಎಲ್ಲಿ ಅಲೀತಿದ್ದೀಯ?' ಅಂತ ಗದರಿದರು. ಮೂರನೇ ಅಡ್ಡರಸ್ತೆಯಲ್ಲಿ ಮನೆ ಮನೆಯ ಬಾಗಿಲು ಬಡಿಯುತ್ತಿದ್ದ ಸೈರನ್ ಗಾಡಿಗೆ ಓಡಿಬಂದು, ಅವಳು ಬರೆದದ್ದೇ ಮೂಡುವ ಪುಟ್ಟ ಪರದೆ ನೋಡಿದ. ಅಲ್ಲಿ ಆರು ಇತ್ತು.

ಅವನು ಹೋಗಿ ತಲುಪುವಷ್ಟರಲ್ಲಿ ಮುಗಿದಿತ್ತು.

ಫೋನಿನ ಮಾತೆಲ್ಲ ಧ್ವನಿಮುದ್ರಣ ಆಗಿರುತ್ತದೆ. ತಕರಾರು ಬಂದರೆ ಮಾತ್ರ ತೆಗೆದು ಕೇಳುತ್ತಾರೆ; ಇಲ್ಲದಿದ್ದರೆ ತಿಂಗಳಾದ ಮೇಲೆ ತಾನಾಗಿ ಅಳಿಸಿಹೋಗುತ್ತದೆ. ಸೈರನ್ ತಕರಾರು ಮಾಡಲಿಲ್ಲ. ತಾನೇ ತಪ್ಪು ಓದಿದೆ ಅಂತ ಅವನು ಆ ಕ್ಷಣದಲ್ಲೇ ನಂಬಿಬಿಟ್ಟಿದ್ದ.

ಬಡಿಸುವಾಕೆ ಬಂದು ನಿಂತಳು. ಹೊಸಬಳು, ನೆಗಡಿಯಾಗಿತ್ತೇನೋ, ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಂಡಿದ್ದಳು. ಅವಳು ನಿಂತದ್ದು ಎಡಗಡೆಗೆ, ಸೈರನ್‌ನ ಕುರ್ಚಿಯ ಹಿಂದೆ.

"ಹೇಳಮ್ಮ ಹಲೋ," ಅಂದರು ಮ್ಯಾಪಣ್ಣ. "ನೀನಿರುವಾಗ ಆರ್ಡರ್ ನಮ್ಮ ಬಾಯಿಂದ ಯಾಕೆ?"

ಅವಳು ಹೇಳಿದಳು. ಮೂರು ಹಾಟ್ ಅಂಡ್ ಸೋರ್ ಸೂಪ್, ಒಂದು ನೂಡಲ್ಸ್ ದೊಡ್ಡದು, ಒಂದು ಫ್ರೈಡ್ ರೈಸ್. ತನ್ನ ದನಿ ಎಷ್ಟು ಜೋರಾಗಿದೆ ಎಷ್ಟು ಮೆಲ್ಲಗಿದೆ ಅನ್ನುವುದು ಈಚೆಗೆ ಅವಳಿಗೆ ತಿಳಿಯುತ್ತಿರಲಿಲ್ಲ. ಬಡಿಸುವಾಕೆ ಬರೆದುಕೊಂಡು ತಲೆ ಎತ್ತಿದಳು. ಮಾಸ್ಕ್ ಸ್ವಲ್ಪ ಅಲುಗಿತು. ಅಡುಗೆಮನೆಯ ಭರ್ ಸದ್ದಿನ ನಡುವೆ '...ರು... ಸರೀನಾ' ಅಂತ ಒಂದಿಷ್ಟು ತೇಲಿ ಬಂತು.

"ಹೂಂ, ಸರಿ," ಅಂದಳು ಅವಳು.

ಮ್ಯಾಪಣ್ಣ ಕನ್ನಡಕ ಒರೆಸುತ್ತಿದ್ದರು. ಸೈರನ್ ಮೇಜಿನ ಗಾಜನ್ನು ನೋಡುತ್ತಿದ್ದ. ಗಾಜಿನ ಕೆಳಗೆ ಇಟ್ಟಿದ್ದ ಊಟದ ಪಟ್ಟಿಯ ಒಂದೊಂದು ಸಾಲಿನ ಮೇಲೂ ಅವನ ಬೆರಳು ನಿಧಾನ ಓಡುತ್ತಿತ್ತು.

"ಏನೋ ಅದು?" ಅಂತ ಮ್ಯಾಪಣ್ಣ ಕೇಳಿದರು.

ಅವನು ಹೇಳಿದ್ದು ಅವಳಿಗೆ ಅರ್ಧ ಕೇಳಿಸಿತು, ಅರ್ಧ ಅವನ ತುಟಿಯಿಂದ ಸಿಕ್ಕಿತು. "ಓದ್ತಾ ಇದ್ದೀನಿ ಅಣ್ಣ. ಎರಡೆರಡು ಸಲ. ಈಗ ಎಲ್ಲಾನೂ ಎರಡು ಸಲ ಓದ್ತೀನಿ. ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ಕೊನೇ ಸಾಲಿನ ಸಣ್ಣ ಅಕ್ಷರಾನೂ ಓದಿದೆ. ಕಣ್ಣು ಹದ್ದಿನ ಹಾಗಿದೆ, ಯಾಕೆ ಬಂದೆ ಅಂದ್ರು."

"ಮತ್ತೆ? ಒಳ್ಳೇದಾಯ್ತಲ್ಲ."

"ಏನು ಒಳ್ಳೇದು? ಕಣ್ಣು ಕೆಟ್ಟಿದ್ರೆ ಕನ್ನಡಕ ಹಾಕ್ಕೋತಿದ್ದೆ. ಕಣ್ಣು ಸರಿ ಇದ್ದು ಆರನ್ನ ಮೂರು ಅಂತ ಓದಿದ್ರೆ ಕೆಟ್ಟಿರೋದು ತಲೆ ತಾನೇ? ಪಕ್ಕದಲ್ಲಿ ಕೂತಿದ್ದ ನರ್ಸೂ ನೀವು ಮೂರು ಅಂದ್ರಿ, ನಾನು ಪರದೆ ನೋಡ್ಲಿಲ್ಲ ಅಂತಾಳೆ." ಅವನು ಬೆರಳು ಹಿಂದಕ್ಕೆಳೆದುಕೊಂಡ. "ನಿನ್ನೆ ಮಗೂನ ಶಾಲೆಗೆ ಬಿಡೋಕೆ ಹೊರಟೆ ಅಕ್ಕ. ರಸ್ತೆ ದಾಟೋಕಾಗ್ಲಿಲ್ಲ. ದೀಪ ಹಸಿರಾ ಕೆಂಪಾ ಅಂತ ನನಗೆ ನಂಬಿಕೆ ಬರ್ಲಿಲ್ಲ. ಅವಳೇ ನನ್ನ ಕೈ ಹಿಡ್ಕೊಂಡು ದಾಟಿಸಿದ್ಲು. ಆರು ವರ್ಷದ ಮಗು."

ಈಗ ಹೇಳು, ಅಂದುಕೊಂಡಳು. ಬಾಯಿ ತೆರೆದಳು. "ನೀರು ಕುಡಿ," ಅಂದಳು.

ಹೇಳಿದರೆ ಏನಾಗುತ್ತದೆ ಅನ್ನುವುದನ್ನು ಅವಳು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದ್ದಳು. ಮೊದಲು ಕೆಲಸ ಹೋಗುತ್ತದೆ. ಕಿವಿ ಇಲ್ಲದವಳಿಗೆ ಹೆಡ್‌ಫೋನ್ ಯಾರು ಕೊಡುತ್ತಾರೆ? ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಗಂಡ ಬಿಟ್ಟುಹೋಗಿ ಒಂಬತ್ತು ವರ್ಷ. ಆದರೆ ಅದಕ್ಕಿಂತ ಹೆಚ್ಚಾಗಿ ಅವಳು ಹೆದರಿದ್ದು ಅಪ್ಪನಿಗೆ. ಅಂದರೆ, ಅಪ್ಪ ಆಗಿಬಿಡುವುದಕ್ಕೆ. ಅಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿದ್ದರು, ಐವತ್ತಕ್ಕೆ ಪೂರಾ ಕಿವುಡಾದರು. ಮೊದಮೊದಲು ಮನೆಯವರೆಲ್ಲ ಕೂಗಿ ಹೇಳಿದರು. ಆಮೇಲೆ ಬಾಯಿ ಅಗಲಿಸಿ, ತುಟಿ ಹಿಗ್ಗಿಸಿ, ಕೂಸಿಗೆ ಹೇಳುವ ಹಾಗೆ ಹೇಳಿದರು. ಆಮೇಲೆ ಹೇಳುವುದನ್ನೇ ಬಿಟ್ಟರು. ಅವಳು ಚಿಕ್ಕವಳಿದ್ದಾಗ ತಮ್ಮನನ್ನು ನಗಿಸಲಿಕ್ಕೆ ದನಿಯೇ ತೆಗೆಯದೆ ಬರೀ ತುಟಿಯಲ್ಲಿ 'ಅಪ್ಪಾ, ನೀನು ಕೋತಿ' ಅನ್ನುತ್ತಿದ್ದಳು. ಅಪ್ಪ ಹೂಂ ಹೂಂ ಅಂತ ತಲೆ ಆಡಿಸುತ್ತಿದ್ದರು. ಅದೇ ಹೂಂ ಈಗ ಅವಳ ಬಾಯಲ್ಲಿ ಬಂದು ಕೂತಿತ್ತು. ಯಾರು ಏನೇ ಅಂದರೂ ಹೂಂ. ಎಲ್ಲರೂ ನಕ್ಕಾಗ ಒಂದು ಕ್ಷಣ ತಡವಾಗಿ ನಗು.

ಸೈರನ್ ಸುಮ್ಮನೆ ಸಹಿ ಹಾಕಿದರೆ ಅವನಿಗೆ ಗಾಡಿ ತಪ್ಪುತ್ತದೆ, ಗೋದಾಮಿನಲ್ಲಿ ಕೆಲಸ ಸಿಗುತ್ತದೆ, ಜೀವನ ನಡೆಯುತ್ತದೆ. ಮೂರು ವಾರ ಅವಳು ಹೀಗಂತಲೇ ತನ್ನನ್ನು ತಾನು ನಂಬಿಸಿಕೊಂಡಿದ್ದಳು. ಆದರೆ ಕಣ್ಣಿದ್ದೂ ದೀಪದ ಬಣ್ಣ ನಂಬದೆ ನಿಂತವನ ಕೈಯನ್ನು ಆರು ವರ್ಷದ ಮಗು ಹಿಡಿದದ್ದನ್ನು ಅವಳು ಈಗಷ್ಟೇ ಕೇಳಿಸಿಕೊಂಡಿದ್ದಳು. ಅರ್ಧವಾದರೂ ಕೇಳಿಸಿತ್ತು.

ಸೂಪು ಬಂತು.

ಬಡಿಸುವಾಕೆ ದೊಡ್ಡ ತಟ್ಟೆಯಿಂದ ಒಂದೊಂದೇ ಬಟ್ಟಲು ಇಳಿಸಿದಳು. ಮ್ಯಾಪಣ್ಣನಿಗೆ ಒಂದು, ಸೈರನ್‌ಗೆ ಒಂದು, ಅವಳಿಗೆ ಒಂದು. ಆಮೇಲೆ ಮತ್ತೆ ಮ್ಯಾಪಣ್ಣನಿಗೆ ಒಂದು. ಸೈರನ್‌ಗೆ ಒಂದು. ಸಾಸಿನ ಸೀಸೆ, ಅದರ ಕೆಳಗಿದ್ದ ಕಾಗದ ಎರಡನ್ನೂ ಬದಿಗೆ ಸರಿಸಿ ಅವಳ ಮುಂದೆ ಇನ್ನೊಂದು. ಆರು ಬಟ್ಟಲು, ಆರು ಪಿಂಗಾಣಿ ಚಮಚ. ಮೇಜಿನಲ್ಲಿ ಮೊಣಕೈ ಊರಲಿಕ್ಕೂ ಜಾಗ ಉಳಿಯಲಿಲ್ಲ. ಆರು ಕಡೆಯಿಂದ ಹಬೆ ಎದ್ದಿತು.

"ಏನಮ್ಮಾ ಇದು, ಸೂಪಿನಲ್ಲೇ ಸ್ನಾನ ಮಾಡಿಸ್ತೀಯಾ?" ಅಂದರು ಮ್ಯಾಪಣ್ಣ. "ಮೂರು ಜನಕ್ಕೆ ಆರು ಯಾಕೆ?"

ಬಡಿಸುವಾಕೆ ಮಾಸ್ಕ್ ಗಲ್ಲಕ್ಕೆ ಇಳಿಸಿದಳು. ಮುಖ ಕೆಂಪಾಗಿತ್ತು. ಈಗ ಅವಳ ತುಟಿ ಕಂಡಿತು, ಒಂದೊಂದು ಅಕ್ಷರವೂ.

"ನಾನು ತಿರುಗಿ ಹೇಳಿದ್ನಲ್ಲ ಸಾರ್. ಆರು ಸೂಪ್, ಸರೀನಾ ಅಂತ. ಅಕ್ಕೋರು ಹೂಂ, ಸರಿ ಅಂದ್ರು."

ಸೈರನ್ ನಕ್ಕ. ಮೂರು ವಾರದಲ್ಲಿ ಮೊದಲ ಸಲ ಅವನ ಹಳೆಯ ಗಂಟಲು ಹೊರಬಿತ್ತು. ಮೂಲೆಯ ಮಗು ಚಮಚ ನಿಲ್ಲಿಸಿ ತಿರುಗಿ ನೋಡಿತು.

"ಅಕ್ಕಾ! ಊರಿಗೆಲ್ಲ ಪಾಠ ಹೇಳ್ತೀಯ! ಐದಾದ ಮೇಲಿನ ಆರಾ, ಎರಡಾದ ಮೇಲಿನ ಮೂರಾ?" ಅವಳದೇ ರಾಗ ಎಳೆದು ಅಣಕಿಸಿದ. ಮೇಜು ಗುದ್ದಿದ. ಸೂಪು ತುಳುಕಿತು. "ಎದುರು ಹೇಳಿದ್ದಕ್ಕೆ ಹೂಂ ಅಂದ್ಯಂತಲ್ಲ! ಇವತ್ತು ಯಾರ ಮನೆಗೆ ಹೋಯ್ತು ಗಾಡಿ?"

ಅವನಿಗೆ ಹೊಳೆದಿರಲಿಲ್ಲ. ಅವನು ಬರೀ ನಗುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು, ಕುರ್ಚಿ ಅಲುಗುವಷ್ಟು. ಆ ನಗು ಒಂದೊಂದು ಚೂರೂ ಅವಳಿಗೆ ಕೇಳಿಸಿತು. ಅದರಷ್ಟು ಚುಚ್ಚುವ ಸದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

ಮ್ಯಾಪಣ್ಣ ನಗಲಿಲ್ಲ. ಕೈಯಲ್ಲಿದ್ದ ಚಮಚ ಬಟ್ಟಲಿಗೂ ಬಾಯಿಗೂ ನಡುವೆ ನಿಂತಿತ್ತು. ಅವರು ಆರು ಬಟ್ಟಲುಗಳನ್ನು ನೋಡಿದರು, ಅವಳನ್ನು ನೋಡಿದರು, ಬದಿಗೆ ಸರಿದಿದ್ದ ಕಾಗದದ ಕಡೆ ನೋಡಿದರು. ಮೂವತ್ತು ವರ್ಷ ದಾರಿ ಹುಡುಕಿದ ಮನುಷ್ಯ. ಅವರ ತಲೆಯೊಳಗೆ ಒಂದೊಂದೇ ರಸ್ತೆ ಒಂದನ್ನೊಂದು ಕೂಡುತ್ತಿರುವುದು ಅವಳಿಗೆ ಕಂಡಿತು.

ಅವರು ಚಮಚ ಇಟ್ಟರು. ಕಾಗದದ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು. ಒರೆಸುತ್ತಲೇ, ಕರವಸ್ತ್ರದ ಹಿಂದಿನಿಂದ, ಅವಳನ್ನೇ ನೋಡುತ್ತ ಏನೋ ಅಂದರು. ಗಲ್ಲ ಅಲುಗಿದ್ದು ಕಂಡಿತು. ಸದ್ದು ಬರಲಿಲ್ಲ.

ಅವಳ ಬಾಯಿಂದ ಅಭ್ಯಾಸಬಲದಿಂದ "ಹೂಂ" ಹೊರಬಿತ್ತು.

ಸೈರನ್‌ನ ನಗು ಅರ್ಧಕ್ಕೆ ನಿಂತಿತು. "ಏನು ಹೂಂ? ಅಣ್ಣ ಉಪ್ಪು ಕೊಡು ಅಂದ್ರೆ ಹೂಂ ಅಂತ ಕೂತಿದ್ದೀಯಲ್ಲಕ್ಕ."

ಉಪ್ಪಿನ ಡಬ್ಬಿ ಅವಳ ಕೈಯ ಪಕ್ಕದಲ್ಲೇ ಇತ್ತು. ಅವಳು ಅದನ್ನು ದಾಟಿಸಿದಳು. ಮ್ಯಾಪಣ್ಣ ಡಬ್ಬಿ ತೆಗೆದುಕೊಂಡರು, ಉಪ್ಪು ಹಾಕಿಕೊಳ್ಳಲಿಲ್ಲ. ಎದ್ದು ನಿಂತರು. ಅವಳ ಮುಖಕ್ಕೆ ನೇರವಾಗಿ ಬಾಗಿ, ಬಾಯಿ ಅಗಲಿಸಿ, ತುಟಿ ಹಿಗ್ಗಿಸಿ, ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಹೇಳಿದರು:

"ನಾನು. ಕೈ. ತೊಳ್ಕೊಂಡು. ಬರ್ತೀನಿ."

ಅಪ್ಪನಿಗೆ ಹೇಳುತ್ತಿದ್ದ ಹಾಗೆಯೇ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

ಅವರು ಹಿತ್ತಲ ಬಾಗಿಲ ಕಡೆ ಹೋದರು. ಅವರು ಸೈರನ್‌ಗೆ ಏನೂ ಹೇಳಲಿಲ್ಲ. ಹೇಳಬೇಕಾದವಳನ್ನು ಮೇಜಿನಲ್ಲಿ ಬಿಟ್ಟು ಹೋದರು.

ನೂಡಲ್ಸೂ ಅನ್ನವೂ ಬಂದವು. ಬೇರೆ ದಿನವಾಗಿದ್ದರೆ ಮ್ಯಾಪಣ್ಣ ಚಮಚದಿಂದ ಅನ್ನದ ಮೇಲೆ ಗಡಿ ಗೆರೆ ಎಳೆದು, ಇದು ನಿನ್ನ ರಾಜ್ಯ, ಇದು ಅವನದು, ಬೇಲಿ ಹಾರಿದರೆ ಯುದ್ಧ ಅಂತ ಹಂಚುತ್ತಿದ್ದರು. ಇವತ್ತು ಸೈರನ್ ಕೈಗೆ ಬಂದಂತೆ ಬಡಿಸಿದ. ಅವಳ ತಟ್ಟೆಗೆ ಜಾಸ್ತಿ ಹಾಕಿದ. ಆಮೇಲೆ ಕಾಗದವನ್ನು ಮತ್ತೆ ಅವಳ ಮುಂದೆ ತಂದಿಟ್ಟ. ಅಂಚಿನಲ್ಲಿ ಸೂಪಿನ ಕಲೆ ಬಿದ್ದಿತ್ತು.

"ಪೆನ್ನಿದೆಯಾ ಅಕ್ಕ?"

ಇದು ಕೇಳಿಸಿತು. ಅವಳು ಬ್ಯಾಗಿನಿಂದ ಪೆನ್ನು ತೆಗೆದಳು. ತೆಗೆದು ಅವನಿಗೆ ಕೊಡಲಿಲ್ಲ, ಸಹಿಯನ್ನೂ ಹಾಕಲಿಲ್ಲ, ಮುಷ್ಟಿಯಲ್ಲಿ ಹಿಡಿದು ಕೂತಳು. ಬಚ್ಚಲಲ್ಲಿ ಅಭ್ಯಾಸ ಮಾಡಿದ್ದ ವಾಕ್ಯ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಆಗ ಇಪ್ಪತ್ತು ವರ್ಷ ದುಡಿದ ದನಿ ತಾನಾಗಿಯೇ ಬಂತು. ಕಂಟ್ರೋಲ್ ರೂಮಿನ ದನಿ. ಆ ದನಿಯಲ್ಲಿ ಅಳು ಬರುವುದಿಲ್ಲ.

"ಒಂಬತ್ತನೇ ತಾರೀಖು," ಅಂದಳು. "ಬೆಳಿಗ್ಗೆ ಹತ್ತು ನಲವತ್ತು. ಫೋನ್ ಎತ್ತಿದವಳು ನಾನು. ಅವರು ಹೇಳಿದ್ದು ಐದಾದ ಮೇಲಿನ ಆರು. ನಾನು ಬರೆದದ್ದು ಎರಡಾದ ಮೇಲಿನ ಮೂರು. ಬಿಡಿಸಿ ಕೇಳ್ಲಿಲ್ಲ. ನಿನ್ನ ಪರದೆಗೆ ಬಂದಿದ್ದು ಮೂರು. ನೀನು ಓದಿದ್ದೂ ಮೂರು. ಹತ್ತು ಐವತ್ತೊಂದಕ್ಕೆ ಅವರು ಮತ್ತೆ ಫೋನ್ ಮಾಡಿದ್ರು. ಆಗ ನಾನು ಅದನ್ನ ಅಳಿಸಿ ಆರು ಮಾಡಿದೆ. ನಿನ್ನ ಕಣ್ಣೂ ಸರಿ ಇದೆ, ತಲೆಯೂ ಸರಿ ಇದೆ. ನನಗೆ ಕಿವಿ ಕೇಳಿಸಲ್ಲ. ಎಡಗಿವಿ ಪೂರ್ತಿ ಇಲ್ಲ, ಬಲಗಿವಿ ಅರ್ಧ. ಒಂದೂವರೆ ವರ್ಷ ಆಯ್ತು. ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ. ಧ್ವನಿಮುದ್ರಣ ಇದೆ, ಇನ್ನೂ ಅಳಿಸಿಲ್ಲ."

ಮಾತು ಮುಗಿದ ಮೇಲೆ ರೂಢಿಯಂತೆ ಒಂದು ಪದ ಉಳಿದಿತ್ತು. ಅದೂ ಬಂದುಬಿಟ್ಟಿತು. "ಸರೀನಾ?"

ಸೈರನ್ ನೂಡಲ್ಸ್ ಸುತ್ತಿಕೊಂಡಿದ್ದ ಮುಳ್ಳುಚಮಚವನ್ನು ನೋಡುತ್ತಿದ್ದ. ನೋಡುತ್ತಲೇ ಇದ್ದ. ಮೊದಲು ಅವನ ಮುಖದಲ್ಲಿ ಏನೋ ಸಡಿಲವಾಯಿತು, ಮೂರು ವಾರದಿಂದ ಬಿಗಿದಿದ್ದ ಗಂಟು ಬಿಚ್ಚಿದ ಹಾಗೆ. ಅವಳಿಗೆ ಒಂದು ಕ್ಷಣ ಆಸೆ ಹುಟ್ಟಿತು. ಮರುಗಳಿಗೆಯಲ್ಲಿ ಅದೇ ಮುಖ ಮತ್ತೆ ಬಿಗಿಯಿತು, ಬೇರೆಯೇ ಥರ. ತಲೆ ತಗ್ಗಿಸಿಕೊಂಡೇ ಅವನು ಏನೋ ಅಂದ. ಒಳಗೆ ಬಾಣಲೆ ಭರ್ ಅಂತು.

ಅವಳಿಗೆ ಬಾಲ ಮಾತ್ರ ಸಿಕ್ಕಿತು. '...ದ್ದೆ.' ಬಿದ್ದೆಯೋ, ಎದ್ದೆಯೋ, ಕದ್ದೆಯೋ. ತಲೆ ಜೋಡಿಸಲಿಕ್ಕೆ ಮನಸ್ಸು ಆಗಲೇ ಹೊರಟಿತ್ತು. ಅವಳು ಅದನ್ನು ತಡೆದಳು.

"ಏನಂದೆ?" ಅಂದಳು. "ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳು."

ಅವನು ಎದ್ದ. ಹೊರಟೇಹೋದ ಅಂದುಕೊಂಡಳು. ಹೋಗಲಿಲ್ಲ. ಕುರ್ಚಿಯ ಹಿಂದಿನಿಂದ ಸುತ್ತಿಬಂದು ಅವಳ ಬಲಗಡೆ ಬಗ್ಗಿದ. ಅವನ ಉಸಿರು ಕಿವಿಗೆ ತಾಕಿತು. ಜೋರಾಗಿ ಹೇಳಲಿಲ್ಲ. ಆದರೂ ಒಂದಕ್ಷರವೂ ತಪ್ಪದೆ ಕೇಳಿಸಿತು.

"ಆ ಮನೆಗೆ ಹೋಗಿದ್ದೆ ಅಂದೆ. ಆ ಅಮ್ಮನ ಕಾಲು ಹಿಡ್ಕೊಂಡೆ. ನಾನೇ ಕೊಂದೆ ಅಂದೆ. ಅವರು ಎಬ್ಬಿಸಿದ್ರು ಅಕ್ಕ. ನೀರು ಕೊಟ್ರು. ಎಲ್ಲಾರ್ಗೂ ತಪ್ಪಾಗುತ್ತಪ್ಪಾ ಅಂದ್ರು. ಆ ಮಾತು ನಿನಗೆ ಸಿಗಬೇಕಾಗಿತ್ತು."

ಅಷ್ಟು ಹೇಳಿ ಅವನು ಬಾಗಿಲ ಕಡೆ ನಡೆದ. ಗಾಜಿನ ಆಚೆ, ರಸ್ತೆಯ ಅಂಚಿನಲ್ಲಿ, ಅವನು ನಿಂತದ್ದು ಕಂಡಿತು. ದೀಪದ ಕಡೆ ತಲೆ ಎತ್ತಿ ನೋಡಿದ. ಬಹಳ ಹೊತ್ತು ನೋಡಿದ. ಹಸಿರು ಬಂದು, ಹೋಗಿ, ಮತ್ತೆ ಬಂತು. ಆಮೇಲೆ ಒಬ್ಬನೇ ದಾಟಿದ.

ಮ್ಯಾಪಣ್ಣ ಇನ್ನೂ ಬಂದಿರಲಿಲ್ಲ. ಬರುವರೋ, ಹಿತ್ತಲ ಬಾಗಿಲಿನಿಂದಲೇ ಹೋದರೋ ತಿಳಿಯಲಿಲ್ಲ. ಮೂರು ತಟ್ಟೆ, ಆರು ಬಟ್ಟಲು, ಅವಳು. ಕಾಗದದ ಮೇಲಿನ ಚುಕ್ಕಿ ಗೆರೆ ಹಾಗೇ ಇತ್ತು. ಅವಳು ಪೆನ್ನಿನ ಮುಚ್ಚಳ ತೆಗೆದಳು. 'ನನ್ನ ಅಜಾಗರೂಕತೆ' ಅನ್ನುವುದನ್ನು ಬಿಟ್ಟು ಮೇಲಿನ ಸಾಲುಗಳನ್ನೆಲ್ಲ ಹೊಡೆದುಹಾಕಿದಳು. ಅದರ ಕೆಳಗೆ ಸಾಕ್ಷಿಯ ಜಾಗದಲ್ಲಿ ತನ್ನ ಸಹಿ ಹಾಕಿ, ಪಕ್ಕದಲ್ಲಿ 'ಧ್ವನಿಮುದ್ರಣ ಕೇಳಿರಿ' ಎಂದು ಬರೆದಳು. ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು.

ಹೆಗಲ ಮೇಲೆ ಯಾರೋ ಮೆಲ್ಲಗೆ ತಟ್ಟಿದರು. ಬಡಿಸುವಾಕೆ. ಮಾಸ್ಕ್ ಮತ್ತೆ ಮೂಗಿಗೆ ಏರಿತ್ತು, ಅದರ ಹಿಂದೆ ಏನೋ ಅಲುಗುತ್ತಿತ್ತು.

ಹೂಂ ಅನ್ನಲಿಕ್ಕೆ ಹೊರಟ ಬಾಯನ್ನು ಅವಳು ಮುಚ್ಚಿಕೊಂಡಳು.

"ಏನಂದ್ರಿ?" ಅಂದಳು. "ನನಗೆ ಕಿವಿ ಕೇಳಿಸಲ್ಲ. ಅದನ್ನ ಸ್ವಲ್ಪ ಇಳಿಸಿ ಹೇಳಿ."

ಬಡಿಸುವಾಕೆ ಮಾಸ್ಕ್ ಇಳಿಸಿದಳು. "ಸೂಪು ಆರಿಹೋಯ್ತು ಅಂದೆ ಅಕ್ಕೋರೆ. ಬಿಸಿ ಮಾಡಿ ತರ್ಲಾ?"

ಆರಿಹೋಯ್ತು. ಅವಳು ಆ ತುಟಿಗಳನ್ನೇ ನೋಡಿದಳು. ಬಟ್ಟಲುಗಳ ಮೇಲೆ ಹಬೆ ಇರಲಿಲ್ಲ. ಎಣ್ಣೆ ತೆಳ್ಳಗೆ ಕೆನೆಗಟ್ಟಿತ್ತು.

"ಬೇಡ," ಅಂದಳು. ದುಡ್ಡು ಮೇಜಿನ ಮೇಲಿಟ್ಟು, ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಎದ್ದಳು. ಬಾಗಿಲು ತಳ್ಳಿದಾಗ ರಸ್ತೆಯ ಗದ್ದಲವೆಲ್ಲ ಒಂದೇ ಮಗ್ಗುಲಿನಿಂದ ಬಂದು ಅವಳಿಗೆ ಬಡಿಯಿತು. ಇನ್ನೊಂದು ಮಗ್ಗುಲಲ್ಲಿ ಏನೂ ಇರಲಿಲ್ಲ. ಎದುರಿಗೆ ಕಚೇರಿ ಇತ್ತು, ನಾಲ್ಕಕ್ಕೆ ಇನ್ನೂ ಹೊತ್ತಿತ್ತು. ಅವಳು ಎಡಕ್ಕೆ ಎರಡು ಸಲ ತಿರುಗಿ ನೋಡಿ ರಸ್ತೆಗೆ ಇಳಿದಳು.